ಮಕ್ಕಳು ಕೇಳಿಸಿಕೊಳ್ಳುತ್ತಾರೆ



ನಮ್ಮ ಸಂಘದ ವಾಚನ ಕೂಟದಲ್ಲಿ ಪುಸ್ತಕದ ಮಾತು ಅರ್ಧ ಗಂಟೆಗೆ ಮುಗಿದು, ಉಳಿದ ಹೊತ್ತು ಬಿಸಿಬೇಳೆಬಾತಿಗೂ ಊರ ಸುದ್ದಿಗೂ ಸಲ್ಲುವುದು ವಾಡಿಕೆ. ಈ ಸಲ ಹಾಗಾಗಲಿಲ್ಲ. ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಎಂಬ ಕಾದಂಬರಿ ನಮ್ಮ ಮಂದಿಯನ್ನು ಮೂರು ಭಾನುವಾರ ಹಿಡಿದು ಕೂರಿಸಿತು. ಕಾರಣ ಇಷ್ಟೆ. ಒಂಬತ್ತನೆಯ ತರಗತಿಗೆ ಬಂದ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇದನ್ನು ಓದಿಸುತ್ತಾರೆ. ಇನ್ನು ಮುಂದೆಯೂ ಎಲ್ಲರಿಗೂ ಕಡ್ಡಾಯವಾಗಿ ಓದಿಸಬೇಕೋ ಬೇಡವೋ ಎಂದು ಶಾಲೆಯವರು ಪೋಷಕರ ಅಭಿಪ್ರಾಯ ಕೇಳಿ ಕಾಗದ ಕಳುಹಿಸಿದ್ದಾರೆ. ‘ಜಗಳ ಆಡಿದ್ದು ಸಾಕು, ಬರೆದುಕೊಡಿ’ ಎಂದರು ಸಂಪಾದಕರು. ಯಾರ ಹೆಸರನ್ನೂ ಎತ್ತದೆ, ಕೂಟದಲ್ಲಿ ಬಂದ ಅಭಿಪ್ರಾಯಗಳನ್ನು ಮೊದಲು ಹೇಳಿ, ಆಮೇಲೆ ನಮ್ಮದನ್ನು ಸೇರಿಸುತ್ತೇವೆ.

ಕಥೆ ಇಷ್ಟು

ಇನ್ನೂ ಓದದವರಿಗಾಗಿ ಎರಡು ಮಾತು. ಅಮೆರಿಕದ ದಕ್ಷಿಣದಲ್ಲಿರುವ ಅಲಬಾಮಾ ರಾಜ್ಯದಲ್ಲಿ ಮೇಕೋಂಬ್ ಎಂಬ ಕಲ್ಪಿತ ಊರು. ಕಾಲ 1930ರ ದಶಕ. ದುಡ್ಡಿಲ್ಲದ, ಕೆಲಸವಿಲ್ಲದ ದಿನಗಳು. ಕಥೆ ಹೇಳುವವಳು ಸ್ಕೌಟ್ ಎಂಬ ಹುಡುಗಿ. ಮೊದಲ ಪುಟಗಳಲ್ಲಿ ಅವಳಿಗೆ ಆರು ವರ್ಷ, ಕೊನೆಗೆ ಒಂಬತ್ತು ತುಂಬುತ್ತಾ ಬಂದಿರುತ್ತದೆ. ತಾಯಿ ಇಲ್ಲ. ಅಣ್ಣ ಜೆಮ್, ತಂದೆ ಆಟಿಕಸ್ ಫಿಂಚ್, ವಕೀಲರು. ಅಡುಗೆ ಮಾಡಿ ಮಕ್ಕಳನ್ನು ಸಾಕುವವರು ಕ್ಯಾಲ್ಪರ್ನಿಯಾ ಎಂಬ ಕಪ್ಪು ಜನಾಂಗದ ಹೆಂಗಸು. ಅದೇ ಬೀದಿಯಲ್ಲಿ ಬಾಗಿಲು ಮುಚ್ಚಿದ ಒಂದು ಮನೆ. ಒಳಗೆ ಯಾರಿಗೂ ಮುಖ ತೋರಿಸದ ಬೂ ರಾಡ್ಲಿ ಎಂಬಾತ. ಅವನನ್ನು ಹೇಗಾದರೂ ಹೊರಗೆ ಬರಿಸಬೇಕೆಂಬ ಮಕ್ಕಳ ಆಟದಲ್ಲೇ ಅರ್ಧ ಪುಸ್ತಕ ನಗಿಸುತ್ತಾ ಸಾಗುತ್ತದೆ.

ಆಮೇಲೆ ನಗು ನಿಲ್ಲುತ್ತದೆ. ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಗಾರ, ಮೂರು ಮಕ್ಕಳ ತಂದೆ, ಒಬ್ಬ ಬಡ ಬಿಳಿ ಹುಡುಗಿಯ ಮಾನಭಂಗ ಮಾಡಿದನೆಂದು ಆಪಾದನೆ. ಅವನ ಪರ ವಾದಿಸುವ ಕೆಲಸ ಆಟಿಕಸ್ ಅವರಿಗೆ ಬರುತ್ತದೆ. ಹುಡುಗಿಯ ಮುಖದ ಬಲಭಾಗಕ್ಕೆ ಪೆಟ್ಟು ಬಿದ್ದಿದೆ. ಎಂದರೆ ಎದುರು ನಿಂತು ಹೊಡೆದವನು ಎಡಗೈ ಬಳಸಿದ್ದಾನೆ. ಟಾಮ್‌ನ ಎಡಗೈ ಚಿಕ್ಕಂದಿನಲ್ಲೇ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಉಪಯೋಗಕ್ಕೆ ಬಾರದಂತಾಗಿದೆ. ಹುಡುಗಿಯ ತಂದೆಯೋ ಎಡಚ. ಇಷ್ಟು ಸ್ಪಷ್ಟವಾದ ಮೇಲೂ ಹನ್ನೆರಡು ಜನ ಬಿಳಿಯ ಗಂಡಸರ ಜ್ಯೂರಿ ‘ಅಪರಾಧಿ’ ಎನ್ನುತ್ತದೆ. ಸೆರೆಮನೆಯಿಂದ ಓಡಲು ಯತ್ನಿಸಿದನೆಂದು ಕಾವಲಿನವರು ಟಾಮ್‌ಗೆ 17 ಗುಂಡು ಹೊಡೆಯುತ್ತಾರೆ. ಸೇಡು ತೀರಿಸಿಕೊಳ್ಳಲು ಹುಡುಗಿಯ ತಂದೆ ರಾತ್ರಿ ಕತ್ತಲಲ್ಲಿ ವಕೀಲರ ಮಕ್ಕಳ ಮೇಲೆ ಬಿದ್ದಾಗ, ಹೊರಗೇ ಬಾರದಿದ್ದ ಬೂ ರಾಡ್ಲಿ ಬಂದು ಅವರನ್ನು ಉಳಿಸುತ್ತಾನೆ. ಮಾಕಿಂಗ್‌ಬರ್ಡ್ ಎಂದರೆ ಬೇರೆ ಹಕ್ಕಿಗಳ ದನಿ ಹಿಡಿದು ಹಾಡುವ ಒಂದು ಬೂದು ಹಕ್ಕಿ. ಯಾರಿಗೂ ಕೆಡುಕು ಮಾಡದ ಅದನ್ನು ಕೊಲ್ಲುವುದು ಪಾಪ ಎಂಬ ಮಾತಿನಿಂದ ಪುಸ್ತಕಕ್ಕೆ ಹೆಸರು ಬಂದಿದೆ.

ಕಲ್ಪನೆಯ ಹಿಂದಿನ ನಿಜ

ಮೇಕೋಂಬ್ ಕಲ್ಪಿತ ಊರಾದರೂ ಅದರ ಅಚ್ಚು ಲೇಖಕಿ ಹುಟ್ಟಿದ ಮನ್ರೋವಿಲ್. ಹಾರ್ಪರ್ ಲೀ 1926ರಲ್ಲಿ ಅಲ್ಲಿ ಹುಟ್ಟಿದರು. ತಂದೆ ವಕೀಲರು, ಪತ್ರಿಕೆ ನಡೆಸಿದವರು, ಶಾಸನಸಭೆಯ ಸದಸ್ಯರೂ ಆಗಿದ್ದವರು. ಪಕ್ಕದ ಮನೆಗೆ ಬಂದುಹೋಗುತ್ತಿದ್ದ ಗೆಳೆಯ ಮುಂದೆ ಪ್ರಸಿದ್ಧ ಲೇಖಕನಾದ ಟ್ರೂಮನ್ ಕಪೋಟಿ. ಕಾದಂಬರಿಯ ಡಿಲ್ ಎಂಬ ಹುಡುಗ ಅವನ ನೆರಳು. ಪುಸ್ತಕ ಹೊರಬಂದದ್ದು 1960ರ ಜುಲೈನಲ್ಲಿ, ಪುಲಿಟ್ಜರ್ ಬಹುಮಾನ 1961ರಲ್ಲಿ, ಗ್ರೆಗರಿ ಪೆಕ್ ನಟಿಸಿದ ಚಲನಚಿತ್ರ 1962ರಲ್ಲಿ. ಕಥೆ ಮೂವತ್ತರ ದಶಕದ್ದು. ಬರೆದದ್ದು ಮಾಂಟ್‌ಗಮರಿಯಲ್ಲಿ ಕಪ್ಪು ಜನ ಬಸ್ಸು ಹತ್ತದೆ ವರ್ಷವೆಲ್ಲ ನಡೆದ 1950ರ ದಶಕದಲ್ಲಿ. ಎರಡು ಕಾಲದ ಬಿಸಿಯೂ ಅದರಲ್ಲಿದೆ.

ಟಾಮ್‌ನ ಕಥೆ ಅತಿಶಯೋಕ್ತಿ ಎಂದು ಕೂಟದಲ್ಲಿ ಒಬ್ಬರು ಸಂಶಯ ಪಟ್ಟರು. ಅವರು 1931ರ ಸ್ಕಾಟ್ಸ್‌ಬರೋ ಮೊಕದ್ದಮೆಯನ್ನು ಓದಬೇಕು. ಅದೇ ಅಲಬಾಮಾದಲ್ಲಿ ರೈಲಿನಿಂದ ಇಳಿಸಿ ಹಿಡಿದ ಒಂಬತ್ತು ಮಂದಿ ಕಪ್ಪು ಹುಡುಗರ ಮೇಲೆ ಇಂಥದೇ ಆಪಾದನೆ ಬಂತು. ಸುಮಾರು ಎರಡೇ ವಾರದಲ್ಲಿ ವಿಚಾರಣೆ ಮುಗಿದು ಎಂಟು ಹುಡುಗರಿಗೆ ಮರಣದಂಡನೆ ವಿಧಿಸಿದರು. ದೂರು ಕೊಟ್ಟ ಇಬ್ಬರಲ್ಲಿ ಒಬ್ಬಾಕೆಯೇ 1933ರಲ್ಲಿ ಕೋರ್ಟಿಗೆ ಬಂದು ‘ಅಂಥದೇನೂ ನಡೆಯಲಿಲ್ಲ’ ಎಂದು ಸಾಕ್ಷಿ ಹೇಳಿದರೂ ಜ್ಯೂರಿ ಮತ್ತೆ ಅಪರಾಧಿ ಎಂದೇ ತೀರ್ಪಿತ್ತಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಈ ಪ್ರಕರಣದಲ್ಲಿ ಎರಡು ಸಲ, 1932ರಲ್ಲೂ 1935ರಲ್ಲೂ, ಮಧ್ಯೆ ಬರಬೇಕಾಯಿತು. ಎರಡನೆಯ ಸಲದ ವಿಷಯ ಜ್ಯೂರಿಯಿಂದ ಕಪ್ಪು ಜನರನ್ನು ಹೊರಗಿಟ್ಟದ್ದು. ಆ ಹುಡುಗರಲ್ಲಿ ಕೊನೆಯ ಮೂವರಿಗೆ ಅಲಬಾಮಾ ಕ್ಷಮೆ ನೀಡಿದ್ದು 2013ರಲ್ಲಿ, ಅವರೆಲ್ಲ ತೀರಿಹೋದ ಮೇಲೆ.

ಅದು ಹಳೆಯ ಕಾಲ ಎನ್ನುವವರಿಗೆ ಇನ್ನೊಂದು. ಲೇಖಕಿಯ ಊರಾದ ಮನ್ರೋವಿಲ್‌ನಲ್ಲೇ 1986ರಲ್ಲಿ ಒಂದು ಕೊಲೆಯಾಯಿತು. ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಹಿಡಿದರು. ಆ ಹೊತ್ತಿನಲ್ಲಿ ಆತ ಚರ್ಚಿನ ಸಹಾಯಕ್ಕೆಂದು ಮೀನು ಕರಿದು ಮಾರುತ್ತಿದ್ದ ಕೂಟದಲ್ಲಿ ನಮ್ಮೊಡನೆಯೇ ಇದ್ದ ಎಂದು ಹಲವರು ಸಾಕ್ಷಿ ಹೇಳಿದರು. ಹೇಳಿದವರು ಕಪ್ಪು ಜನ. ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಜ್ಯೂರಿ 1988ರಲ್ಲಿ ಜೀವಾವಧಿ ಶಿಕ್ಷೆ ಸಾಕೆಂದರೂ ನ್ಯಾಯಾಧೀಶರು ಅದನ್ನು ಮರಣದಂಡನೆಗೆ ಏರಿಸಿದರು. ಬ್ರಯನ್ ಸ್ಟೀವನ್‌ಸನ್ ಎಂಬ ವಕೀಲರ ಹೋರಾಟದಿಂದ ಆತ ಬಿಡುಗಡೆಯಾದದ್ದು 1993ರಲ್ಲಿ. ಅದೇ ವರ್ಷಗಳಲ್ಲಿ ಊರಿನ ಹಳೆಯ ಕೋರ್ಟಿನ ಕಟ್ಟಡದಲ್ಲಿ ‘ಮಾಕಿಂಗ್‌ಬರ್ಡ್’ ನಾಟಕ ಆಡಿ, ನೋಡಲು ಬಂದವರಿಗೆ ಟಾಮ್ ರಾಬಿನ್ಸನ್ನನ ಕಥೆ ತೋರಿಸುವ ಪದ್ಧತಿಯೂ ಶುರುವಾಗಿತ್ತು. ನಾಟಕ ನೋಡಿ ಕಣ್ಣೊರಸಿಕೊಳ್ಳುವುದೂ, ಪಕ್ಕದಲ್ಲೇ ನಡೆಯುವುದನ್ನು ನೋಡದಿರುವುದೂ ಒಂದೇ ಊರಿನಲ್ಲಿ ಹೊಂದಿಕೊಂಡು ಇರಬಲ್ಲವು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಲಿ, ಮುಂದೆ ಬೇಕಾಗುತ್ತದೆ.

ಬಂದ ಅಭಿಪ್ರಾಯಗಳು

ಹಿರಿಯರೊಬ್ಬರ ಮೊದಲ ಆಕ್ಷೇಪಣೆ, ಮಕ್ಕಳು ತಂದೆಯನ್ನು ‘ಆಟಿಕಸ್’ ಎಂದು ಹೆಸರು ಹಿಡಿದು ಕರೆಯುತ್ತಾರಲ್ಲ ಎಂಬುದು! ಅದನ್ನು ಬಿಟ್ಟರೆ ಅವರಿಗೆ ಪುಸ್ತಕ ಬಹಳ ಮೆಚ್ಚಿಗೆ. ‘ಬೀದಿಯಲ್ಲಿ ಒಂದು, ಮನೆಯಲ್ಲಿ ಒಂದು ಎಂದು ಎರಡು ಮುಖ ಇಲ್ಲದ ಗೃಹಸ್ಥ. ನಮ್ಮ ಮಕ್ಕಳಿಗೆ ಇಂಥ ತಂದೆಯ ಪರಿಚಯ ಆಗಲಿ’ ಎಂದರು. ಸಾವಿರಾರು ಓದುಗರ ಅಭಿಪ್ರಾಯವೂ ಇದೇ. ಈ ಪುಸ್ತಕ ಓದಿ ವಕೀಲಿ ವೃತ್ತಿಗೆ ಬಂದೆವೆಂದು ಹೇಳುವವರು ಈ ದೇಶದಲ್ಲಿ ಕಡಿಮೆಯಿಲ್ಲ.

ಒಬ್ಬ ತಾಯಿಯ ಆತಂಕ ಬೇರೆ. ಹದಿನಾಲ್ಕು ವರ್ಷದವರಿಗೆ ಮಾನಭಂಗದ ಮೊಕದ್ದಮೆ ಓದಿಸಬೇಕೆ? ಇದು ಹಳೆಯ ಪ್ರಶ್ನೆ. ವರ್ಜೀನಿಯಾದ ಹ್ಯಾನೋವರ್ ಕೌಂಟಿಯ ಶಾಲಾ ಮಂಡಳಿ 1966ರಲ್ಲಿ ಈ ಪುಸ್ತಕವನ್ನು ಅನೀತಿಯದೆಂದು ದೂರ ಇಡಲು ಹೊರಟಾಗ ಹಾರ್ಪರ್ ಲೀ ಸುಮ್ಮನಿರಲಿಲ್ಲ. ಮಂಡಳಿಯವರನ್ನು ಒಂದನೆಯ ತರಗತಿಗೆ ಸೇರಿಸಲು ಈ ಹಣ ಬಳಸಿಕೊಳ್ಳಿ ಎಂದು ರಿಚ್‌ಮಂಡ್‌ನ ಪತ್ರಿಕೆಯೊಂದಕ್ಕೆ ಚಂದಾ ಸಮೇತ ಕಾಗದ ಬರೆದರು! ನಮಗೆ ಆ ತಾಯಿಯ ಆತಂಕ ಅರ್ಥವಾಗುತ್ತದೆ. ಆದರೆ ಈ ಕಾಲದ ಹದಿನಾಲ್ಕರ ಮಗು ಕೈಯಲ್ಲಿರುವ ಫೋನಿನಲ್ಲಿ ನೋಡುವುದಕ್ಕೆ ಹೋಲಿಸಿದರೆ ಈ ಕಾದಂಬರಿ ಅತ್ಯಂತ ಸಂಯಮದ ಬರಹ.

ಮೂರನೆಯವರು ಲೆಕ್ಕಾಚಾರದ ಮನುಷ್ಯರು. ‘ಆಟಿಕಸ್ ಗೆದ್ದದ್ದೇನು? ಸೋಲುತ್ತೇನೆಂದು ಗೊತ್ತಿದ್ದೂ ಗೌರವದಿಂದ ಸೋತರು, ಅಷ್ಟೆ. ಊರಿನ ಕಟ್ಟುಪಾಡಿನ ವಿರುದ್ಧ ಒಂದು ದಿನವಾದರೂ ತಾವಾಗಿ ನಿಂತರೆ?’ ಎಂದು ಕೇಳಿದರು. ಬಲ್ಲವರೂ ಇದನ್ನು ಕೇಳಿದ್ದಾರೆ. ಮನ್ರೋ ಫ್ರೀಡ್‌ಮನ್ ಎಂಬ ಕಾನೂನು ಪ್ರಾಧ್ಯಾಪಕರು 1992ರಲ್ಲಿ, ಮ್ಯಾಲ್ಕಮ್ ಗ್ಲ್ಯಾಡ್‌ವೆಲ್ 2009ರಲ್ಲಿ ಇದೇ ಧಾಟಿಯಲ್ಲಿ ಬರೆದರು. ಲೇಖಕಿ ಮೊದಲೇ ಬರೆದಿದ್ದ ‘ಗೋ ಸೆಟ್ ಎ ವಾಚ್‌ಮನ್’ 2015ರಲ್ಲಿ ಅಚ್ಚಾದಾಗ ಓದುಗರಿಗೆ ದೊಡ್ಡ ಪೆಟ್ಟೇ ಬಿತ್ತು. ಅದರಲ್ಲಿನ ಮುದಿ ಆಟಿಕಸ್, ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಓದಬಾರದೆನ್ನುವ ಜನರ ಸಭೆಯಲ್ಲಿ ಕುಳಿತಿರುತ್ತಾರೆ. ದೇವರೆಂದು ಪೂಜಿಸಿದವರಿಗೆ ಅದು ಅಪಚಾರವಾಗಿ ಕಂಡಿತು. ನಮಗಾದರೋ ಇಬ್ಬರೂ ಒಬ್ಬನೇ ಮನುಷ್ಯ ಇರಬಹುದು ಅನ್ನಿಸಿತು. ಒಬ್ಬ ವ್ಯಕ್ತಿಗೆ ಅನ್ಯಾಯವಾದಾಗ ಮಿಡಿಯುವವರೆಲ್ಲ ಎಲ್ಲರಿಗೂ ಸಮಪಾಲು ಕೊಡಲು ಒಪ್ಪುತ್ತಾರೆಂದು ಹೇಳಲಾಗದು. ನಮ್ಮ ಹಳ್ಳಿಗಳಲ್ಲಿ ಆಳಿನ ಕಾಯಿಲೆಗೆ ರಾತ್ರಿಯೇ ಗಾಡಿ ಕಟ್ಟಿಸಿದ, ಆದರೆ ಅವನನ್ನು ಎಂದೂ ಜಗಲಿ ಹತ್ತಿಸದ ಯಜಮಾನರನ್ನು ಯಾರು ಕಂಡಿಲ್ಲ?

ನಾಲ್ಕನೆಯ ಅಭಿಪ್ರಾಯ ಬಂದದ್ದು ಒಬ್ಬ ಹುಡುಗಿಯಿಂದ. ‘ಅಂಕಲ್, ಟಾಮ್ ಇಡೀ ಪುಸ್ತಕದಲ್ಲಿ ಸರಿಯಾಗಿ ಮಾತಾಡುವುದು ಸಾಕ್ಷಿಕಟ್ಟೆಯಲ್ಲಿ ಮಾತ್ರ. ಅವನ ಹೆಂಡತಿ ಹೆಲೆನ್ ಏನು ಯೋಚಿಸಿದಳು? ಮಕ್ಕಳ ಹೆಸರಾದರೂ ನಮಗೆ ನೆನಪಿರುವಂತೆ ಬರೆದಿದ್ದಾರಾ?’ ಎಂದಳು. ಸರಿಯಾದ ಮಾತು. ಕ್ಯಾಲ್ಪರ್ನಿಯಾ ಬಿಳಿ ಮಕ್ಕಳನ್ನು ತನ್ನ ಚರ್ಚಿಗೆ ಕರೆದೊಯ್ದಾಗ, ಇವರನ್ನು ಇಲ್ಲಿಗೇಕೆ ತಂದೆ ಎಂದು ಲೂಲಾ ಎಂಬ ಹೆಂಗಸು ಅಡ್ಡ ನಿಲ್ಲುತ್ತಾಳೆ. ಇಡೀ ಕಾದಂಬರಿಯಲ್ಲಿ ಕಪ್ಪು ಜನರ ಸಿಟ್ಟು ಬಾಯಿಬಿಟ್ಟು ಮಾತಾಡುವುದು ಆ ಒಂದು ಗಳಿಗೆ. ಲೇಖಕಿ ಅವಳನ್ನು ಬೇಗನೆ ಪಕ್ಕಕ್ಕೆ ಸರಿಸಿಬಿಡುತ್ತಾರೆ. ಆರನ್ ಸಾರ್ಕಿನ್ 2018ರಲ್ಲಿ ಬ್ರಾಡ್‌ವೇಗೆ ಇದನ್ನು ನಾಟಕ ಮಾಡಿದಾಗ ಕ್ಯಾಲ್ಪರ್ನಿಯಾಗೂ ಟಾಮ್‌ಗೂ ಹೆಚ್ಚು ಮಾತು ಬರೆದದ್ದು ಈ ಕೊರತೆಗಾಗಿಯೇ.

ಕನ್ನಡ ಓದುಗರಿಗೆ ಈ ತಕರಾರು ಹೊಸದಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ, ಎಂದರೆ ಟಾಮ್ ರಾಬಿನ್ಸನ್ನನ ಕಥೆ ನಡೆಯುವ ಕಾಲದಲ್ಲೇ. ತುಂಡು ಭೂಮಿ ಉಳುವ ಆಸೆ ಹೊತ್ತು ಸಾಯುವ ಚೋಮನಿಗಾಗಿ ಮೂರು ತಲೆಮಾರು ಅತ್ತಿದೆ. ಆದರೂ ಅದು ಹೊರಗೆ ನಿಂತು ಕರುಣೆಯಿಂದ ನೋಡಿದವರ ಬರಹ. ಕೇರಿಯೊಳಗಿನಿಂದ ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಬರೆಯತೊಡಗಿದಾಗ, ಅರವಿಂದ ಮಾಲಗತ್ತಿಯವರು ತಮ್ಮ ಬಾಲ್ಯವನ್ನು ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ ಹೇಳಿದಾಗ ಬೇರೆಯೇ ದನಿ ಕೇಳಿಸಿತು. ಅದರಿಂದ ‘ಚೋಮನ ದುಡಿ’ ಸುಳ್ಳಾಗಲಿಲ್ಲ. ಅದೊಂದೇ ಸಾಲದು ಎಂಬುದು ಗೊತ್ತಾಯಿತು. ‘ಮಾಕಿಂಗ್‌ಬರ್ಡ್’ ವಿಷಯವೂ ಹಾಗೆಯೇ. ಮಿಲ್ಡ್ರೆಡ್ ಟೇಲರ್ ಅವರ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ 1976ರಲ್ಲಿ ಬಂದು ಮರುವರ್ಷ ನ್ಯೂಬರಿ ಪದಕ ಪಡೆಯಿತು. ಅದೇ ಮೂವತ್ತರ ದಶಕ, ಮಿಸಿಸಿಪಿ ರಾಜ್ಯ, ಅದೇ ವಯಸ್ಸಿನ ಹುಡುಗಿ. ಆದರೆ ಆ ಹುಡುಗಿ ಕಪ್ಪು, ಮತ್ತು ಅವಳ ಮನೆಯವರು ತಮ್ಮ ಹೊಲ ಉಳಿಸಿಕೊಳ್ಳಲು ತಾವೇ ಹೋರಾಡುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದ ಮಗುವಿಗೆ ನಾವು ಬೇರೆ ಪಾಠ ಹೇಳಬೇಕಿಲ್ಲ.

ಐದನೆಯದು ಒಬ್ಬ ಹುಡುಗ ಹೇಳಿದ ಸುದ್ದಿ. ತರಗತಿಯಲ್ಲಿ ಪುಸ್ತಕವನ್ನು ಗಟ್ಟಿಯಾಗಿ ಓದಿಸುವಾಗ, ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಆ ಪದ ಬಂದಾಗಲೆಲ್ಲ ಎಲ್ಲರ ಕಣ್ಣೂ ಅಲ್ಲಿದ್ದ ಒಬ್ಬನೇ ಕಪ್ಪು ಹುಡುಗನ ಕಡೆ ತಿರುಗುತ್ತಿತ್ತಂತೆ. ಅವನು ಮೂರು ವಾರ ಪುಸ್ತಕದಿಂದ ತಲೆ ಎತ್ತಲಿಲ್ಲವಂತೆ. ಇದನ್ನು ಕೇಳಿ ಕೂಟ ಸುಮ್ಮನಾಯಿತು. ಮಿಸಿಸಿಪಿಯ ಬಿಲಾಕ್ಸಿಯಲ್ಲಿ 2017ರಲ್ಲಿ, ವಾಷಿಂಗ್ಟನ್ ರಾಜ್ಯದ ಮುಕಿಲ್ಟಿಯೋದಲ್ಲಿ 2022ರಲ್ಲಿ ಪಾಠಪಟ್ಟಿಯಿಂದ ಈ ಕಾದಂಬರಿಯನ್ನು ಸರಿಸಿದಾಗ ಎದ್ದ ಮಾತೂ ಇಂಥದೇ. ಹ್ಯಾನೋವರ್‌ನವರ 1966ರ ಆಕ್ಷೇಪಣೆಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ‘ಪುಸ್ತಕ ಸುಡುವವರು’ ಎಂದು ಬಯ್ಯುವುದು ನ್ಯಾಯವಲ್ಲ. ಅಲ್ಲಿ ಅಡ್ಡಿ ಬಂದದ್ದು ಊರಿನ ಮರ್ಯಾದೆ. ಇಲ್ಲಿ ನೊಂದದ್ದು ಒಂದು ಮಗು.

ಕೊನೆಯ ಅಭಿಪ್ರಾಯ ಹಲವರ ಬಾಯಲ್ಲಿ ಬಂತು. ‘ಇದೆಲ್ಲ ಬಿಳಿಯರ ಮತ್ತು ಕರಿಯರ ಹಳೆಯ ವ್ಯಾಜ್ಯ. ನಡುವೆ ಬಂದ ನಮಗೇನು? ಮಗು ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆ ತಂದರೆ ಸಾಕು.’ ನಾವು ಈ ಬರಹಕ್ಕೆ ಕೈ ಹಾಕಿದ್ದೇ ಈ ಮಾತಿಗೆ ಉತ್ತರ ಹೇಳಲು.

ನಮ್ಮ ಮಾತು

ಆಟಿಕಸ್ ದೊಡ್ಡವರೋ ಸಣ್ಣವರೋ ಎಂಬ ಚರ್ಚೆಯಲ್ಲಿ ಓದುಗರು ಎರಡು ಚಿಕ್ಕ ಸನ್ನಿವೇಶಗಳನ್ನು ದಾಟಿ ಹೋಗುತ್ತಾರೆ. ನಮ್ಮ ಮಟ್ಟಿಗೆ ಪುಸ್ತಕದ ಜೀವ ಅಲ್ಲಿದೆ.

ಒಂದು, ಆಟಿಕಸ್ ಅವರ ಮನೆಯಲ್ಲಿ ನಡೆಯುವ ಮಹಿಳೆಯರ ಚಹಾಕೂಟ. ಮಡಿಯಾದ ಬಟ್ಟೆ, ತಿಂಡಿಯ ತಟ್ಟೆ, ಧರ್ಮದ ಮಾತು. ಆಫ್ರಿಕದ ಯಾವುದೋ ಬುಡಕಟ್ಟಿನವರ ಕಷ್ಟ ನೆನೆದು ಆ ಹೆಂಗಸರ ಕಣ್ಣು ತುಂಬುತ್ತದೆ. ಮರುಗಳಿಗೆಯಲ್ಲೇ, ಟಾಮ್‌ಗೆ ಶಿಕ್ಷೆಯಾದಾಗಿನಿಂದ ತಮ್ಮ ಅಡುಗೆಯವರು ಮುಖ ಗಂಟು ಹಾಕಿಕೊಂಡು ಓಡಾಡುತ್ತಾರೆ, ಅದನ್ನು ಸಹಿಸಲಾಗುವುದಿಲ್ಲ ಎಂದು ದೂರುತ್ತಾರೆ. ದೂರದವರ ದುಃಖ ಕಂಡವರಿಗೆ ಅಡುಗೆಮನೆಯ ದುಃಖ ಸೊಕ್ಕಾಗಿ ಕಾಣುತ್ತದೆ. ತಿಂಡಿಯ ತಟ್ಟೆ ಹಿಡಿದು ನಿಂತ ಸ್ಕೌಟ್ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ.

ಎರಡು, ಮೂರನೆಯ ತರಗತಿಯ ಶಿಕ್ಷಕಿ ಮಿಸ್ ಗೇಟ್ಸ್. ಹಿಟ್ಲರ್ ಯಹೂದಿಗಳನ್ನು ಹಿಂಸಿಸುವ ಸುದ್ದಿ ಬಂದಾಗ ಆಕೆ ಮಕ್ಕಳಿಗೆ ಪ್ರಜಾಪ್ರಭುತ್ವದ ಪಾಠ ಹೇಳುತ್ತಾರೆ. ನಮ್ಮ ದೇಶದಲ್ಲಿ ಯಾರನ್ನೂ ಹಾಗೆ ಹಿಂಸಿಸುವುದಿಲ್ಲ ಎನ್ನುತ್ತಾರೆ. ಸ್ಕೌಟ್‌ಗೆ ಒಂದು ಗೊಂದಲ. ತೀರ್ಪಿನ ರಾತ್ರಿ ಕೋರ್ಟಿನ ಮೆಟ್ಟಿಲಿಳಿಯುವಾಗ ಇದೇ ಮಿಸ್ ಗೇಟ್ಸ್, ಆ ಜನಕ್ಕೆ ಯಾರಾದರೂ ಬುದ್ಧಿ ಕಲಿಸಬೇಕಾಗಿತ್ತು, ತಲೆಯ ಮೇಲೆ ಹತ್ತಿ ಕುಳಿತಿದ್ದರು ಎಂಬರ್ಥದ ಮಾತಾಡಿದ್ದನ್ನು ಅವಳು ಕೇಳಿದ್ದಾಳೆ. ಅಷ್ಟು ದೂರದ ಹಿಟ್ಲರನನ್ನು ದ್ವೇಷಿಸುವವರು ಮನೆಯ ಪಕ್ಕದವರ ಬಗ್ಗೆ ಹೀಗೆ ಹೇಗೆ ಇರಬಲ್ಲರು ಎಂದು ಅಣ್ಣನನ್ನು ಕೇಳುತ್ತಾಳೆ. ಜೆಮ್ ಸಿಟ್ಟಿನಿಂದ ಕಿರುಚುತ್ತಾನೆ. ಅವನ ಬಳಿ ಉತ್ತರವಿಲ್ಲ.

ನಾವು ರಸಾಯನ ಶಾಸ್ತ್ರದ ಪ್ರಯೋಗಶಾಲೆಯಲ್ಲಿ ದಿನ ಕಳೆಯುವವರು. ಸಾಕ್ಷ್ಯ ಸರಿಯಾಗಿದ್ದರೆ ತೀರ್ಮಾನ ತಾನಾಗಿ ಬರುತ್ತದೆಂಬುದು ನಮ್ಮ ವೃತ್ತಿಯ ನಂಬಿಕೆ. ಟಾಮ್‌ನ ವಿಚಾರಣೆಯಲ್ಲಿ ಸಾಕ್ಷ್ಯಕ್ಕೆ ಏನೂ ಕೊರತೆಯಿರಲಿಲ್ಲ. ಆ ಹನ್ನೆರಡು ಮಂದಿ ಲೆಕ್ಕ ತಪ್ಪಿದವರಲ್ಲ. ವಿಚಾರಣೆಗೆ ಬರುವ ಮೊದಲೇ ಉತ್ತರ ಗೊತ್ತಿದ್ದವರು. ಆ ಉತ್ತರವನ್ನು ಅವರು ಕಲಿತದ್ದು ಎಲ್ಲಿ? ಯಾವ ಶಾಲೆಯೂ ಪಾಠ ಮಾಡಿರಲಿಲ್ಲ. ತಾಯಂದಿರ ಚಹಾಕೂಟದಲ್ಲಿ, ತಂದೆಯರ ಜಗಲಿ ಹರಟೆಯಲ್ಲಿ, ಮಿಸ್ ಗೇಟ್ಸರಂಥವರು ಮೆಟ್ಟಿಲಿಳಿಯುತ್ತಾ ಆಡಿದ ಮಾತಿನಲ್ಲಿ ಮಕ್ಕಳಾಗಿದ್ದಾಗ ಕೇಳಿಸಿಕೊಂಡದ್ದು. ಈ ಕಾದಂಬರಿಯನ್ನು ಮಗುವಿನ ಬಾಯಲ್ಲಿ ಹೇಳಿಸಿರುವುದರ ಪ್ರಯೋಜನ ಇಲ್ಲಿದೆ ಎಂದು ನಮಗೆ ತೋರುತ್ತದೆ.

ಈಗ ನಮ್ಮ ಚಹಾಕೂಟಗಳಿಗೆ ಬರೋಣ. ಅಂಗಡಿಯಲ್ಲಿ ಸಾಲಿನಲ್ಲಿ ನಿಂತಾಗ ಎದುರಿನ ಕಪ್ಪು ಹೆಂಗಸಿನ ಬಗ್ಗೆ ನಮ್ಮವರು ಕನ್ನಡದಲ್ಲಿ ಆಡುವ ಮಾತು ನೆನಪಿಸಿಕೊಳ್ಳಿ. ‘ಅವರಿಗೆ ತಿಳಿಯುವುದಿಲ್ಲ’ ಎಂಬ ಧೈರ್ಯ. ಅವರಿಗೆ ತಿಳಿಯುವುದಿಲ್ಲ, ನಿಜ. ಗಾಡಿ ಹಿಡಿದು ಪಕ್ಕದಲ್ಲಿ ನಿಂತ ನಮ್ಮ ಮಗುವಿಗೆ ಚೆನ್ನಾಗಿ ತಿಳಿಯುತ್ತದೆ. ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ನಾವು ಪ್ರತಿ ಸಂಚಿಕೆಯಲ್ಲೂ ಗೋಳಾಡುತ್ತೇವೆ. ಇಂಥ ಕನ್ನಡ ಮಾತ್ರ ಅವರಿಗೆ ಬೇಗ ಬರುತ್ತದೆ. ಮನೆ ಕೊಳ್ಳುವಾಗ ‘ಆ ಕಡೆ ಬೇಡ, ಅಲ್ಲಿ ಅವರು ಜಾಸ್ತಿ’ ಎಂದು ಊಟದ ಮೇಜಿನಲ್ಲಿ ಆಡಿದ ಮಾತು, ಶಾಲೆಯಿಂದ ಗೆಳೆಯನನ್ನು ಕರೆತಂದರೆ ಹೆಸರಿಗಿಂತ ಮೊದಲು ಮೈಬಣ್ಣ ವಿಚಾರಿಸುವ ಅಜ್ಜಿಯ ಪ್ರಶ್ನೆ, ಮಗಳು ಯಾರನ್ನಾದರೂ ಮದುವೆಯಾಗಲಿ ಎಂದು ಉದಾರವಾಗಿ ಹೇಳಿ ‘ಆದರೆ…’ ಎಂದು ಸೇರಿಸುವ ಒಂದೇ ಷರತ್ತು, ಯಾವುದೂ ಗುಟ್ಟಾಗಿ ಉಳಿಯುವುದಿಲ್ಲ. ಕರಿಯಪ್ಪ, ಕರಿಯಮ್ಮ ಎಂದು ಮಕ್ಕಳಿಗೂ ದೇವರಿಗೂ ಹೆಸರಿಡುವ ನಾಡು ನಮ್ಮದು, ಕೃಷ್ಣನೆಂದರೂ ಕಪ್ಪೇ. ಹಾಗಿರುವಾಗ ‘ಕರಿಯ’ ಎಂಬ ಪದದಲ್ಲಿ ದೋಷವಿಲ್ಲ. ಅದನ್ನು ಹೇಳುವಾಗ ತುಟಿಯ ಮೂಲೆಯಲ್ಲಿ ಮೂಡುವ ತಿರಸ್ಕಾರವನ್ನು ಮಗು ಪದದ ಜೊತೆಗೇ ಕಲಿಯುತ್ತದೆ.

ನಮ್ಮ ಸಂಘದವರು ಕೆಟ್ಟವರೆಂದು ಇದನ್ನು ಬರೆಯುತ್ತಿಲ್ಲ. ಊರಿನಲ್ಲಿ ಪ್ರವಾಹ ಬಂದಾಗ ಚಂದಾ ಎತ್ತಿದವರು, ಅಂಧ ಮಕ್ಕಳ ಶಾಲೆಗೆ ಹಣ ಕಳಿಸಿದವರು, ಬಸವ ಜಯಂತಿಯಂದು ವಚನ ಹಾಡಿ ಗಾಂಧಿ ಜಯಂತಿಯಂದು ಭಾಷಣ ಮಾಡಿದವರು ನಾವೇ. ಮೇಕೋಂಬಿನ ಹೆಂಗಸರೂ ಕೆಟ್ಟವರಲ್ಲ, ಮಿಸ್ ಗೇಟ್ಸ್ ಕೂಡ ಒಳ್ಳೆಯ ಶಿಕ್ಷಕಿಯೇ. ಪುಸ್ತಕ ಓದುವಾಗ ಎಲ್ಲರೂ ತಮ್ಮನ್ನು ಆಟಿಕಸ್ ಸ್ಥಾನದಲ್ಲಿ ಇಟ್ಟು ನೋಡಿಕೊಳ್ಳುತ್ತಾರೆ. ಊರಿಗೊಬ್ಬ ಆಟಿಕಸ್ ಇದ್ದರೆ ಹೆಚ್ಚು. ಉಳಿದ ಕುರ್ಚಿಗಳಲ್ಲಿ ಕುಳಿತವರು ಯಾರು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು.

‘ನಡುವೆ ಬಂದ ನಮಗೇನು’ ಎನ್ನುವವರಿಗೆ ಸ್ವಲ್ಪ ಚರಿತ್ರೆ. ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯರು ಅಮೆರಿಕದ ಸೈನ್ಯದಲ್ಲಿ ದುಡಿದವರು. ಅವರು ಪೌರತ್ವ ಕೇಳಿದಾಗ ‘ನೀವು ಬಿಳಿಯರಲ್ಲ’ ಎಂದು 1923ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದಕ್ಕೂ ಮೊದಲು ಪೌರತ್ವ ಪಡೆದಿದ್ದ ಭಾರತೀಯರಲ್ಲೂ ಕೆಲವರಿಂದ ಅದನ್ನು ಕಿತ್ತುಕೊಂಡರು. ಭಾರತೀಯರಿಗೆ ಆ ಬಾಗಿಲು ಕೊಂಚ ತೆರೆದದ್ದು 1946ರಲ್ಲಿ. ನಮ್ಮಂಥ ಓದಿದವರು ದೊಡ್ಡ ಸಂಖ್ಯೆಯಲ್ಲಿ ಬರಲು ಸಾಧ್ಯವಾದದ್ದು 1965ರ ವಲಸೆ ಕಾನೂನಿನಿಂದ. ಅದರ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾನೂನು, ಅದೇ ವರ್ಷ ಮತದಾನದ ಹಕ್ಕಿನ ಕಾನೂನು. ಜನಾಂಗ ನೋಡಿ ಮನುಷ್ಯರನ್ನು ಅಳೆಯಬಾರದೆಂದು ಈ ದೇಶವನ್ನು ಒಪ್ಪಿಸಲು ಬೀದಿಯಲ್ಲಿ ಲಾಠಿ ತಿಂದವರು ಅಲಬಾಮಾದ ಕಪ್ಪು ಜನ; ಅವರು ಬಗ್ಗಿಸಿದ ಗಾಳಿಯಲ್ಲೇ ವಲಸೆಯ ಕಾನೂನೂ ಬದಲಾಯಿತು. ಅವರ ನಾಯಕ ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದರು. ಕೇರಳದ ಒಂದು ಶಾಲೆಯಲ್ಲಿ ದಲಿತ ಮಕ್ಕಳ ಮುಂದೆ ಅವರನ್ನು ಅಮೆರಿಕದ ಅಸ್ಪೃಶ್ಯ ಎಂದು ಪರಿಚಯಿಸಿದರಂತೆ. ಮೊದಲು ಮನಸ್ಸಿಗೆ ಚುಚ್ಚಿತು, ಯೋಚಿಸಿದಾಗ ನಿಜವೆನ್ನಿಸಿತು ಎಂದು ಅವರೇ ಮುಂದೆ ಹೇಳಿದ್ದಾರೆ. ಈ ಕಥೆಯ ಯಾವ ಪುಟದಲ್ಲೂ ನಾವು ಹೊರಗಿನವರಲ್ಲ.

ಇಷ್ಟಾದ ಮೇಲೆ ಶಾಲೆಯ ಕಾಗದಕ್ಕೆ ಏನು ಉತ್ತರ ಬರೆಯೋಣ? ನಮ್ಮ ಸಲಹೆ ಹೀಗಿದೆ. ಪುಸ್ತಕ ಇರಲಿ. ಆದರೆ ಒಂಟಿಯಾಗಿ ಬೇಡ. ಮಿಲ್ಡ್ರೆಡ್ ಟೇಲರ್ ಅವರದೋ ಅಂಥದೇ ಇನ್ನೊಂದೋ ಜೊತೆಗಿರಲಿ, ಸಾಧ್ಯವಾದರೆ ಮೊದಲು ಅದನ್ನೇ ಓದಿಸಲಿ. ಆ ಪದವನ್ನು ತರಗತಿಯಲ್ಲಿ ಯಾರ ಬಾಯಲ್ಲೂ ಗಟ್ಟಿಯಾಗಿ ಓದಿಸಬಾರದು. ಕಣ್ಣಿನಲ್ಲಿ ಓದಿದರೆ ಸಾಕು. ಕಪ್ಪು ಮಗುವೊಂದಿದ್ದರೆ ಅದನ್ನು ಇಡೀ ಜನಾಂಗದ ಸಾಕ್ಷಿಯಾಗಿ ನಿಲ್ಲಿಸಿ ‘ನಿನಗೇನನ್ನಿಸುತ್ತದೆ’ ಎಂದು ಕೇಳಬಾರದು. ಮುಖ್ಯವಾಗಿ, ಆ ಮಕ್ಕಳ ತಂದೆತಾಯಿಗಳು ಏನು ಹೇಳುತ್ತಾರೋ ಅದಕ್ಕೆ ನಮ್ಮ ಮಾತಿಗಿಂತ ಹೆಚ್ಚು ತೂಕ ಸಿಗಬೇಕು. ಅವರು ‘ನಮ್ಮ ಮಕ್ಕಳಿಗೆ ನೋವಾಗುತ್ತದೆ, ಕಡ್ಡಾಯ ಬೇಡ’ ಎಂದರೆ ನಾವು ವಾದಕ್ಕೆ ಇಳಿಯುವುದು ಬೇಡ. ಆಗ ಪುಸ್ತಕವನ್ನು ಗ್ರಂಥಾಲಯದಿಂದ ತಂದು ನಮ್ಮ ಮನೆಯಲ್ಲೇ ಓದಿಸೋಣ. ಇದು ಹೆಚ್ಚು ಬೇಕಾಗಿರುವುದು ನಮ್ಮಂಥ ಮನೆಗಳಿಗೇ.

ಓದಿಸುವುದೆಂದರೆ ಮಗುವಿನ ಕೈಗೆ ಕೊಟ್ಟು ಟಿಪ್ಪಣಿ ಬರೆಯಲು ಹೇಳುವುದಲ್ಲ, ತಂದೆತಾಯಿಯೂ ಓದಬೇಕು. ಮಿಸ್ ಗೇಟ್ಸ್ ಪ್ರಕರಣ ಬಂದಾಗ ಪುಸ್ತಕ ಮುಚ್ಚಿ ಮಗುವನ್ನು ಒಂದೇ ಪ್ರಶ್ನೆ ಕೇಳಿ: ‘ನಮ್ಮ ಮನೆಯಲ್ಲಿ ಇಂಥ ಮಾತು ಕೇಳಿದ್ದೀಯಾ?’ ಉತ್ತರ ಬರುವವರೆಗೆ ಸುಮ್ಮನಿರಿ. ಬಂದ ಉತ್ತರಕ್ಕೆ ಗದರಬೇಡಿ, ಜೆಮ್‌ನಂತೆ ಕಿರುಚಬೇಡಿ, ‘ಹಾಗಲ್ಲ ಕಣೋ, ನಾವು ಹೇಳಿದ್ದರ ಅರ್ಥ ಬೇರೆ’ ಎಂದು ತೇಪೆ ಹಚ್ಚಬೇಡಿ. ಯುಗಾದಿಯ ಸಂಚಿಕೆಗೆ ಆ ಉತ್ತರಗಳನ್ನು ಹೆಸರಿಲ್ಲದೆ ಬರೆದು ಕಳುಹಿಸಿದರೆ ಅಚ್ಚು ಹಾಕುವುದಾಗಿ ಸಂಪಾದಕರು ಒಪ್ಪಿದ್ದಾರೆ. ಇಂಗ್ಲಿಷಿನಲ್ಲಿ ಬರೆದರೂ ಅಡ್ಡಿಯಿಲ್ಲ, ನಾವು ಕನ್ನಡಕ್ಕೆ ತರುತ್ತೇವೆ. ಆ ಕನ್ನಡವನ್ನು ಓದಲು ನಮಗೆ ಕಷ್ಟವಾಗಬಹುದು. ಓದೋಣ.